ಹೇಳಿದವನ ಮುಂದೆ ಬಾಗಿಲು ಮುಚ್ಚಬೇಡಿ

ನಾನಿರುವ ಕಟ್ಟಡದ ಲಿಫ್ಟಿನ ಪಕ್ಕ ಮೊನ್ನೆ ಒಂದು ಕೆಂಪು ಬ್ಯಾನರ್ ಕಟ್ಟಿದರು. ಸಿಂಗಪುರದಲ್ಲಿ ಇದರ ಅರ್ಥ ಶಾಲೆ ಮಕ್ಕಳಿಗೂ ಗೊತ್ತು. ಈ ಬ್ಲಾಕಿನ ಆಸುಪಾಸಿನಲ್ಲಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನರಿಗೆ ಡೆಂಗಿ ಬಂದಿದೆ ಅಂತ. ಹತ್ತಕ್ಕಿಂತ ಕಡಿಮೆ ಇದ್ದರೆ ಹಳದಿ ಬ್ಯಾನರ್. ಯಾವ ರಸ್ತೆ, ಯಾವ ಬ್ಲಾಕು, ಎಷ್ಟು ಜನ ಎಂಬ ಲೆಕ್ಕ ಸರ್ಕಾರದ ವೆಬ್‌ಸೈಟಿನಲ್ಲೂ ಸಿಗುತ್ತದೆ. ಯಾರ ಮನೆ ಅನ್ನುವುದು ಮಾತ್ರ ಅಲ್ಲಿರುವುದಿಲ್ಲ.

ಅದೇ ರಾತ್ರಿ ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿದಳು. ನಳ ಬಂದು ಎಂಟು ದಿನ ಆಯ್ತು, ಮೊಣಕಾಲು ನೋವು ಜಾಸ್ತಿ ಆಗೇತಿ ಅಂತೆಲ್ಲ ಹೇಳಿ ಮುಗಿಸಿ, ದನಿ ತಗ್ಗಿಸಿದಳು. "ಹಿಂದಿನ ಓಣ್ಯಾಗ ಇಬ್ಬರಿಗೆ ಡೆಂಗಿ ಅಂತಪಾ. ಒಂದು ಹುಡುಗಿನ್ನ ದವಾಖಾನಿಗೆ ಹಾಕ್ಯಾರ. ಯಾರ ಮುಂದೂ ಅನಬ್ಯಾಡ್ರಿ ಅಂದಾರ." ಆ ಹುಡುಗಿಗೆ ಗಂಡು ನೋಡುತ್ತಿದ್ದಾರೆ. ಜ್ವರ ಬಂದು ಪ್ಲೇಟ್ಲೆಟ್ ಇಳಿದದ್ದು ಗೊತ್ತಾದರೆ, ಹುಡುಗಿ ನಿಶ್ಶಕ್ತಿ ಅಂತ ಮಾತು ಬರುತ್ತದೆ ಎಂಬ ಅಂಜಿಕೆ.

ಹಾಗಂತ ಓಣಿಯವರು ಸುಮ್ನೆ ಕೂತಿರಲಿಲ್ಲ. ಒಬ್ಬರು ರೊಟ್ಟಿ-ಪಲ್ಯ ಕಟ್ಟಿ ಕಳಿಸಿದರೆ, ಇನ್ನೊಬ್ಬರು ಗಂಜಿ ಕಾಸಿ ಕೊಟ್ಟರು. ಒಬ್ಬ ಹುಡುಗ ಎರಡು ರಾತ್ರಿ ದವಾಖಾನೆಯ ಕಟ್ಟೆ ಮೇಲೆ ಮಲಗಿದ. ಅಂದರೆ ಓಣಿಗೆಲ್ಲ ಗೊತ್ತು, ಆರೋಗ್ಯ ಇಲಾಖೆಗೆ ಗೊತ್ತಿಲ್ಲ. ಇಲ್ಲಿ ನನ್ನ ಬ್ಲಾಕಿನಲ್ಲಿ ಉಲ್ಟಾ. ಇಲಾಖೆಗೆ ಎಲ್ಲ ಗೊತ್ತು. ನನಗೆ ಮಾತ್ರ, ನನ್ನ ಮೇಲಿನ ಮನೆಯವರು ಜ್ವರದಿಂದ ಮಲಗಿದ್ದರೂ ಗೊತ್ತಾಗುವುದಿಲ್ಲ. ಹದಿನೇಳು ವರ್ಷದಿಂದ ಈ ಎರಡು ಊರುಗಳ ನಡುವೆ ಓಡಾಡುತ್ತಿದ್ದೇನೆ. ಬೇನೆಯ ವಿಷಯಕ್ಕೆ ಬಂದರೆ ಎರಡೂ ಕಡೆ ಅರ್ಧರ್ಧ ಸರಿ ಇದೆ ಅಂತ ನನಗೆ ಅನಿಸಿದೆ. ದೇಶ ದೇಶಗಳ ನಡುವೆಯೂ ಇದೇ ಕೊರತೆ ಇದೆ. ಅದನ್ನೇ ಬರೆಯಲು ಕೂತಿದ್ದೇನೆ.

ಮೊದಲು ಸಿಂಗಪುರದ ಪದ್ಧತಿಯನ್ನು ಹುಬ್ಬಳ್ಳಿಗೆ ಹಾಗೆಯೇ ತಂದರೆ ಆಯಿತು ಅನ್ನುವವರಿಗೆ ಒಂದು ಮಾತು. ಇಲ್ಲಿ ಅಧಿಕಾರಿ ಮನೆಗೆ ಬಂದು ಹೂಕುಂಡದ ತಟ್ಟೆ, ಬಟ್ಟೆ ಒಣಗಿಸುವ ಕೋಲಿನ ತೂತು, ಬಚ್ಚಲಿನ ಜಾಲರಿ ಎಲ್ಲ ನೋಡುತ್ತಾನೆ. ಸೊಳ್ಳೆ ಮರಿ ಸಿಕ್ಕರೆ ಕನಿಷ್ಠ 200 ಸಿಂಗಪುರ ಡಾಲರ್ ದಂಡ. ಕರ್ನಾಟಕದಲ್ಲೂ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಿಸಿದವರಿಗೆ ದಂಡ ಹಾಕುವ ನಿಯಮ ತಂದರು. ಪಟ್ಟಣದ ಮನೆಗಳಿಗೆ 400 ರೂಪಾಯಿ, ಹಳ್ಳಿಯಲ್ಲಿ 200. ಆದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ಸವದತ್ತಿಯ ರೇಣುಕಾಸಾಗರದಿಂದ ಬರುವ ನೀರು ವಾರಕ್ಕೊಮ್ಮೆ, ಒಮ್ಮೊಮ್ಮೆ ಅದಕ್ಕೂ ತಡವಾಗಿ ಬರುತ್ತದೆ. ನಳ ಬಂದ ದಿನ ಅವ್ವ ಹಂಡೆ, ಕೊಡ, ಬಕೆಟ್, ಎರಡು ಪ್ಲಾಸ್ಟಿಕ್ ಬ್ಯಾರಲ್, ಕಡೆಗೆ ಪಲ್ಯದ ಪಾತ್ರೆಯನ್ನೂ ತುಂಬಿಡುತ್ತಾಳೆ. ನೀರು ನಿಲ್ಲಿಸಬೇಡ ಅಂದರೆ ಆಕೆ ಕುಡಿಯುವುದೇನು? ಡೆಂಗಿ ಸೊಳ್ಳೆಗೆ ಬೇಕಾದದ್ದು ಇಂಥ ಸ್ವಚ್ಛ ನೀರೇ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆ ಶುರುವಾಯಿತು. ಆ ವಾರ್ಡುಗಳಲ್ಲಿ ಇರುವ ನಮ್ಮ ಸಂಬಂಧಿಕರ ಮನೆಯಲ್ಲಿ ಬ್ಯಾರಲ್ ಇಲ್ಲ. ಅವರಿಗೆ ಅದರ ಗರಜು ಬಿದ್ದಿಲ್ಲ. ದಂಡಕ್ಕಿಂತ ಮೊದಲು ನಳ ಬರಬೇಕು, ಅಲ್ವಾ?

ಈ ಮಾತು ಸಣ್ಣ ಓಣಿಯದ್ದಾಯಿತು. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೂತು ನಿಯಮ ಬರೆಯುವವರಿಗೂ ಇದು ಅಷ್ಟೇ ಸಲ್ಲುತ್ತದೆ. ಬಡ ದೇಶಕ್ಕೆ "ಕೂಡಲೇ ಪತ್ತೆ ಮಾಡು, ಕೂಡಲೇ ತಿಳಿಸು" ಅಂತ ಹೇಳುವುದು ಸುಲಭ. ಪತ್ತೆ ಮಾಡಲು ಲ್ಯಾಬ್ ಬೇಕು. ತಿಳಿಸಿದ ಮೇಲೆ ಬದುಕಲು ದಾರಿಯೂ ಬೇಕು.

2022ರ ದೀಪಾವಳಿಗೆ ನಾನು ಹಾವೇರಿ ಕಡೆಯ ನಮ್ಮ ಮಾಮಾನ ಊರಿಗೆ ಹೋಗಿದ್ದೆ. ಆ ವರ್ಷ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯ ದನಕರುಗಳನ್ನು ಹಣ್ಣು ಮಾಡಿತ್ತು. ಇದು ಎಲ್ಲಿಂದಲೋ ನಮ್ಮ ಕೊಟ್ಟಿಗೆಗೆ ಬಂದ ಬೇನೆ. ಮೊದಲ ಬಾರಿ ಗುರುತಿಸಿದ್ದು 1929ರಲ್ಲಿ, ಆಫ್ರಿಕಾದ ಈಗಿನ ಜಾಂಬಿಯಾದಲ್ಲಿ. ಅಲ್ಲಿಂದ ಒಂದೊಂದೇ ದೇಶ ದಾಟಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿತು. ಮೂರು ವರ್ಷದಲ್ಲಿ ನಮ್ಮ ಮಾಮಾನ ಹಿತ್ತಲಿಗೆ ಬಂತು.

ಮಾಮಾ ಒಂದು ಕೊಬ್ಬರಿ ಹೋರಿ ಸಾಕಿದ್ದ, ಅಂದರೆ ದೀಪಾವಳಿಯ ಓಟಕ್ಕೆ ಕೊಬ್ಬರಿ ಹಾರ ಕಟ್ಟಿ ಬಿಡುವ ಹೋರಿ. ಹಾವೇರಿ ಕಡೆಯವರಿಗೆ ಇದು ಏನು ಅಂತ ಹೇಳಬೇಕಿಲ್ಲ. ಮಗನಿಗಿಂತ ಹೆಚ್ಚು ಕಾಳಜಿ ಅದರ ಮೇಲೆ. ಹುರಳಿ, ಹತ್ತಿಕಾಳು, ಮೊಟ್ಟೆ, ದಿನಾ ಕೆರೆಯಲ್ಲಿ ಈಜು. ನಾನು ಹೋದಾಗ ಹೋರಿ ಅಂಗಳದಲ್ಲಿ ಇರಲಿಲ್ಲ. ಒಳಗಿನ ಹೊಟ್ಟಿನ ಕೋಣೆಯಲ್ಲಿ ಕಟ್ಟಿದ್ದ. ಬಾಗಿಲಿಗೆ ಗೋಣಿ ತಾಟು ಇಳಿಬಿಟ್ಟಿತ್ತು. ಟಾರ್ಚ್ ಹಾಕಿ ನೋಡಿದೆ. ಕುತ್ತಿಗೆಯಿಂದ ಪಕ್ಕೆಯವರೆಗೆ ಗಂಟು ಎದ್ದಿದ್ದವು. ಒಂದೊಂದು ಅಡಿಕೆಯಷ್ಟು. ಎರಡು ಒಡೆದು ನೀರು ಸೋರುತ್ತಿತ್ತು. ಅದರ ಮೇಲೆ ಬೇವು-ಅರಿಶಿಣ ಅರೆದು ಹಚ್ಚಿದ್ದ. ನೊಣ ಮುತ್ತುತ್ತಿದ್ದವು. ಹೋರಿ ಕಣ್ಣು ಅರ್ಧ ಮುಚ್ಚಿ, ಮುಂಗಾಲು ಊದಿಸಿಕೊಂಡು ನಿಂತಿತ್ತು. ಮುಂದಿನ ಹುಲ್ಲು ಮುಟ್ಟಿರಲಿಲ್ಲ.

"ಡಾಕ್ಟರ್‌ಗೆ ಹೇಳಿದ್ಯಾ ಮಾಮಾ?" ಅಂದೆ.

"ಲೇ ತಮ್ಮಾ, ಸಾವಕಾಶ ಮಾತಾಡು," ಅಂದ. "ಡಾಕ್ಟರ್ ಬಂದ್ರ ಊರಿಗೆಲ್ಲ ಗೊತ್ತಾಕ್ಕೈತಿ. ನಾಳಿಗೆ ನಮ್ಮ ಮನಿ ಹಾಲು ಯಾರೂ ಒಯ್ಯಂಗಿಲ್ಲ. ಈ ಹೋರೀಗೆ ಮೂರು ಲಕ್ಷಕ್ಕ ಕೇಳ್ಯಾರ. ಗಂಟಿನ ಹೋರಿ ಅಂತ ಹೆಸರು ಬಿದ್ರ ಮೂವತ್ತು ಸಾವಿರಕ್ಕೂ ಕೇಳಂಗಿಲ್ಲ."

ನಾಲ್ಕನೇ ದಿನಕ್ಕೆ ಪಕ್ಕದ ಮನೆಯ ಆಕಳಿಗೆ ಗಂಟು ಕಂಡವು. ಆ ಮನೆಯಲ್ಲಿ ವಿಧವೆ ಅತ್ತೆ-ಸೊಸೆ ಇಬ್ಬರೇ. ಆಕಳ ಹಾಲು ಡೈರಿಗೆ ಹಾಕಿಯೇ ಬದುಕು. ಈ ರೋಗ ಹರಡುವುದು ನೊಣ, ಸೊಳ್ಳೆ, ಉಣ್ಣಿಗಳಿಂದ. ಮೊದಲೇ ತಿಳಿದಿದ್ದರೆ ಆಡಿನ ಸಿಡುಬಿಗೆ ಇರುವ ಲಸಿಕೆಯನ್ನೇ ಸುತ್ತಲಿನ ದನಗಳಿಗೆ ಹಾಕಬಹುದಿತ್ತು. ಹಾಗೆ ಹಾಕುತ್ತಲೂ ಇದ್ದರು. ಹೋರಿ ಹೇಗೋ ಉಳಿಯಿತು. ಆಕಳು ಉಳಿಯಲಿಲ್ಲ. ಮಾಮಾ ಕೆಟ್ಟವನಲ್ಲ. ಆ ಅತ್ತೆ-ಸೊಸೆಯ ಹೊಲವನ್ನು ವರ್ಷವೂ ಬಾಡಿಗೆ ಇಲ್ಲದೆ ಗಳೆ ಹೊಡೆದು ಕೊಡುವವನು. ಆಕಳು ಸತ್ತ ದಿನ ಅವನು ಊಟ ಮಾಡಲಿಲ್ಲ. ಆದರೆ ಹೇಳಿದರೆ ತನಗೇ ಹಾನಿ ಅಂತ ಅವನಿಗೆ ಗೊತ್ತಿತ್ತು. ಹೇಳಿದರೆ ಯಾರಾದರೂ ಕೈ ಹಿಡಿಯುತ್ತಾರೆ ಅಂತ ಗೊತ್ತಿರಲಿಲ್ಲ. ಸತ್ತ ದನಗಳಿಗೆ ಸರ್ಕಾರ ಪರಿಹಾರ ಕೊಡಲು ಶುರು ಮಾಡಿದ ಮೇಲೆ ಅದೇ ಊರಿನಲ್ಲಿ ಜನ ತಾವಾಗಿಯೇ ಡಾಕ್ಟರ್ ಹತ್ತಿರ ಬಂದರು ಅಂತ ಆಮೇಲೆ ಮಾಮಾನೇ ಹೇಳಿದ.

ದೇಶಗಳೂ ನಮ್ಮ ಮಾಮಾನಂತೆಯೇ. ಹೊಟ್ಟಿನ ಕೋಣೆಯಲ್ಲಿ ಹೋರಿ ಕಟ್ಟುತ್ತವೆ.

2002ರ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ವಿಚಿತ್ರ ನ್ಯುಮೋನಿಯಾ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆಗೆ ಅಧಿಕೃತವಾಗಿ ತಿಳಿಸಿದ್ದು 2003ರ ಫೆಬ್ರವರಿಯಲ್ಲಿ. ಅದೇ ತಿಂಗಳು ಅಲ್ಲಿನ ಒಬ್ಬ ವೈದ್ಯರು ಹಾಂಗ್‌ಕಾಂಗ್‌ನ ಹೋಟೆಲೊಂದರಲ್ಲಿ ಉಳಿದರು. ಅವರಿಗೆ ಆಗಲೇ ರೋಗ ತಗುಲಿತ್ತು. ಅದೇ ಹೋಟೆಲಿನಲ್ಲಿದ್ದ ಬೇರೆ ಊರಿನವರ ಜೊತೆ ಅದು ವಿಯೆಟ್ನಾಂ, ಕೆನಡಾ, ಸಿಂಗಪುರಕ್ಕೆ ಹೋಯಿತು. ಅದೇ ಸಾರ್ಸ್. ಸಿಂಗಪುರದಲ್ಲಿ 238 ಜನರಿಗೆ ಬಂತು, 33 ಜನ ಸತ್ತರು. ನಾನು ಇಲ್ಲಿಗೆ ಬರುವ ಮೊದಲಿನ ಮಾತು ಇದು. ಆದರೆ ನಮ್ಮ ಆಫೀಸಿನ ಹಿರಿಯರೊಬ್ಬರ ಹೆಂಡತಿ ಆಗ ನರ್ಸ್ ಆಗಿದ್ದರು. ಸಮವಸ್ತ್ರದಲ್ಲಿ ಬಸ್ ಹತ್ತಿದರೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಆಕೆ ಬಟ್ಟೆ ಬದಲಿಸಿಕೊಂಡು ಮನೆಗೆ ಬರುವ ರೂಢಿ ಮಾಡಿಕೊಂಡರಂತೆ.

ಸಾರ್ಸ್ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ವಿಯೆಟ್ನಾಂ. ಹನೋಯ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಟಲಿ ಮೂಲದ ವೈದ್ಯ ಕಾರ್ಲೊ ಉರ್ಬಾನಿ ರೋಗಿಯನ್ನು ನೋಡಿದವರೇ ಇದು ಮಾಮೂಲಿ ಫ್ಲೂ ಅಲ್ಲ ಅಂತ ಹೇಳಿದರು. ವಿಯೆಟ್ನಾಂ ಸರ್ಕಾರ ಮುಚ್ಚಿಡಲಿಲ್ಲ. ಹೊರಗಿನ ತಜ್ಞರನ್ನು ಒಳಗೆ ಬಿಟ್ಟುಕೊಂಡಿತು. ಸಾರ್ಸ್ ಹರಡಿದ ದೇಶಗಳಲ್ಲಿ ಅದನ್ನು ಮೊದಲು ತಡೆದದ್ದು, 2003ರ ಏಪ್ರಿಲ್ ಕೊನೆಯಲ್ಲಿ, ಇದೇ ಬಡ ದೇಶ. ಉರ್ಬಾನಿ ಅದನ್ನು ನೋಡಲು ಉಳಿಯಲಿಲ್ಲ. ಮಾರ್ಚ್ 29ರಂದು ಅದೇ ರೋಗದಿಂದ ತೀರಿಕೊಂಡರು. ಬೇರೆ ಬೇರೆ ದೇಶಗಳ ಲ್ಯಾಬ್‌ಗಳು ದಿನಾ ಫೋನಿನಲ್ಲಿ ಮಾತಾಡಿಕೊಂಡು, ತಿಂಗಳೊಳಗೆ ವೈರಸ್ ಯಾವುದು ಅಂತ ಪತ್ತೆ ಮಾಡಿದವು. ಲಸಿಕೆ ಇಲ್ಲದೆಯೇ ಜುಲೈ ಹೊತ್ತಿಗೆ ಸಾರ್ಸ್ ನಿಂತಿತು. ಸುಮಾರು 8,000 ಜನರಿಗೆ ಬಂದು 774 ಜನ ಸತ್ತಿದ್ದರು. ಹೇಳುವುದು ಅಂದರೆ ಇಷ್ಟು ದೊಡ್ಡದು.

ಆ ಪಾಠದಿಂದಲೇ 2005ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ಹೊಸದಾಗಿ ಬರೆದರು. 2007ರಿಂದ ಜಾರಿಯಲ್ಲಿವೆ. 196 ದೇಶಗಳು ಒಪ್ಪಿವೆ. ಬೇರೆ ದೇಶಕ್ಕೂ ಅಪಾಯ ಆಗಬಹುದಾದ ರೋಗ ಅಂತ ಖಾತ್ರಿಯಾದ 24 ಗಂಟೆಯೊಳಗೆ ತಿಳಿಸಬೇಕು. ಹಾಗೆಯೇ, ತಿಳಿಸಿದ ದೇಶದ ಜೊತೆ ಅಗತ್ಯಕ್ಕಿಂತ ಜಾಸ್ತಿ ಓಡಾಟ, ವ್ಯಾಪಾರ ನಿಲ್ಲಿಸಬಾರದು ಅಂತಲೂ ಅದರಲ್ಲಿದೆ. ಮೊದಲ ಮಾತನ್ನು ಎಲ್ಲರೂ ಒತ್ತಿ ಹೇಳುತ್ತಾರೆ. ಎರಡನೆಯದನ್ನು ಕಷ್ಟ ಬಂದ ದಿನ ಮರೆಯುತ್ತಾರೆ.

2021ರ ನವೆಂಬರ್ ಕೊನೆಯ ವಾರ ನೆನಪಿದೆಯಾ? ನವೆಂಬರ್ 25ರಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ರೂಪಾಂತರಿ ವೈರಸ್ ಸಿಕ್ಕಿದೆ ಅಂತ ಜಗತ್ತಿಗೆ ಹೇಳಿದರು. ಅದೇ ಒಮಿಕ್ರಾನ್. ಬೇಗ ಪತ್ತೆ ಮಾಡಿದರು, ಬೇಗ ಹೇಳಿದರು, ವೈರಸ್ಸಿನ ವಿವರವನ್ನೂ ಎಲ್ಲರ ಕೈಗೆ ಕೊಟ್ಟರು. ಒಂದೆರಡು ದಿನದಲ್ಲಿ ದೇಶದ ಮೇಲೆ ದೇಶ ಅವರಿಗೆ ಬಾಗಿಲು ಹಾಕಿತು. ಸಿಂಗಪುರವೂ ಆಫ್ರಿಕಾದ ದಕ್ಷಿಣದ ಏಳು ದೇಶಗಳಿಂದ ಬರುವವರನ್ನು ನಿಲ್ಲಿಸಿತು. ಅದೇ ವಾರ ನಮ್ಮ ಧಾರವಾಡದ ಒಂದು ಮೆಡಿಕಲ್ ಕಾಲೇಜಿನಲ್ಲಿ ಕೋವಿಡ್ ಹರಡಿದ ಸುದ್ದಿ ಇಲ್ಲಿನ ಟಿವಿಯಲ್ಲೂ ಬಂತು. ಕಾಲೇಜಿನ ಒಂದು ಕಾರ್ಯಕ್ರಮದ ನಂತರ ಇನ್ನೂರೈವತ್ತಕ್ಕೂ ಜಾಸ್ತಿ ಜನರಿಗೆ ಸೋಂಕು. ಬಹುತೇಕರು ಲಸಿಕೆ ಹಾಕಿಸಿಕೊಂಡವರೇ. ಹಾಸ್ಟೆಲ್ ಮುಚ್ಚಿ, ಎಲ್ಲರನ್ನೂ ಪರೀಕ್ಷೆ ಮಾಡಿ, ಮಾದರಿಗಳನ್ನು ಜೀನೋಮ್ ಪರೀಕ್ಷೆಗೆ ಕಳಿಸಿ, ದಿನದಿನದ ಲೆಕ್ಕ ಹೇಳಿದರು. ಮರುದಿನ ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು "ಧಾರವಾಡ ನಿಮ್ಮ ಊರಿನ ಹತ್ತಿರವೇ ಅಲ್ವಾ?" ಅಂತ ಕೇಳಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಧಾರವಾಡ ಬಿಟ್ಟು ತಿಂಗಳಾಗಿತ್ತು. ಆ ಒಂದು ಹೆಜ್ಜೆ ನನಗೆ ಬಹಳ ನೋವು ಕೊಟ್ಟಿತು. ಇಡೀ ದಕ್ಷಿಣ ಆಫ್ರಿಕಾಕ್ಕೆ ಎಷ್ಟಾಗಿರಬೇಕು ಅನಿಸಿತು.

ಬಾಗಿಲು ಹಾಕಿದ್ದರಿಂದ ನಿಂತಿತಾ? ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲೇ ಸಿಕ್ಕವು. ಒಬ್ಬರು ಹೊರಗಿನಿಂದ ಬಂದವರು. ಇನ್ನೊಬ್ಬರು ಎಲ್ಲಿಗೂ ಹೋಗಿರದ ವೈದ್ಯರು.

ಬಾಗಿಲು ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪನಿಗೆ ಕೋವಿಡ್ ಆಗಿ ನಾನು ಹುಬ್ಬಳ್ಳಿಗೆ ಹೋಗಿದ್ದೆ. ಅಪ್ಪ ಉಳಿಯಲಿಲ್ಲ. ಏಪ್ರಿಲ್ 23ರ ರಾತ್ರಿಯಿಂದ ಸಿಂಗಪುರ ಭಾರತದಿಂದ ಬರುವ ನಮ್ಮಂಥವರನ್ನು ತಡೆಯಿತು. ಹೆಂಡತಿ, ಮಗಳು ಸಿಂಗಪುರದಲ್ಲಿ. ನಾನು ಹುಬ್ಬಳ್ಳಿಯಲ್ಲಿ. ತಿರುಗಿ ಹೋಗಲು ಆರು ತಿಂಗಳು ಬೇಕಾಯಿತು. ಡೆಲ್ಟಾ ಹೇಗಿತ್ತು ಅಂತ ನಾನೇ ಕಣ್ಣಾರೆ ನೋಡಿದ್ದೆ. ಸಣ್ಣ ದೇಶ, ಅಂಜಿತು. ಅದು ನನಗೆ ಅರ್ಥವಾಗುತ್ತದೆ. ಆದರೆ ಬಾಗಿಲು ಹಾಕುವ ಕೈ ಇನ್ನೊಂದು ಕಿಟಕಿಯಿಂದ ಔಷಧಿಯನ್ನೂ ಚಾಚಬೇಕು. ಆಗ ಸಿಂಗಪುರದಿಂದ ಆಕ್ಸಿಜನ್ ಸಿಲಿಂಡರ್ ಭಾರತಕ್ಕೆ ಬಂದವು. ಅದನ್ನೂ ನಾನು ಮರೆತಿಲ್ಲ.

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಬಂದಾಗಲೂ ಹೀಗೇ ಆಗಿತ್ತು. ಸತ್ತವರು ಐವತ್ತಕ್ಕೂ ಸ್ವಲ್ಪ ಜಾಸ್ತಿ. ಗಲ್ಫ್ ದೇಶಗಳು ವಿಮಾನ ನಿಲ್ಲಿಸಿದವು, ನಮ್ಮ ಸರಕು ಬೇಡ ಅಂದವು. ಕೋಟಿಗಟ್ಟಲೆ ವ್ಯಾಪಾರ ಹೋಯಿತು. ಹಾಗಾದ ಮೇಲೆ ಯಾವ ಸರ್ಕಾರಕ್ಕೆ ಮುಂದಿನ ಸಲ ಮೊದಲು ಬಾಯಿ ಬಿಡುವ ಧೈರ್ಯ ಬರುತ್ತದೆ?

ನಮ್ಮ ಅಜ್ಜಿ ಗದಗ ಕಡೆಯ ಹಳ್ಳಿಯವಳು. ಆಕೆ ಸಣ್ಣವಳಿದ್ದಾಗ ವಾಂತಿಭೇದಿ ಬಂದರೆ ಊರವರು ಹಳೇ ಮೊರದಲ್ಲಿ ಅರಿಶಿಣ, ಕುಂಕುಮ, ಹಸಿರು ಬಳೆ, ಒಂದು ಕುಪ್ಪಸದ ಕಣ ಇಟ್ಟು, ಹಲಗೆ ಬಾರಿಸುತ್ತ ಊರ ಗಡಿಗೆ ಹೋಗಿ ಬಿಟ್ಟು ಬರುತ್ತಿದ್ದರಂತೆ. ತಿರುಗಿ ನೋಡಬಾರದು. ಮುಂದಿನ ಊರವರು ಅದನ್ನು ಕಂಡರೆ, ಅವರೂ ಹಲಗೆ ಬಾರಿಸಿ ಅದರ ಮುಂದಿನ ಗಡಿಗೆ ಸಾಗಿಸುತ್ತಿದ್ದರು. "ಕಡೀಕ ಎಲ್ಲಿಗೆ ಹೋಕ್ಕಿತ್ತು ಅಮ್ಮಾ?" ಅಂತ ನಾನು ಕೇಳಿದ್ದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ಒಂದೊಂದ್ಸಲ ಸುತ್ತ ಹೊಡದು ನಮ್ಮ ಊರಿಗೇ ಬಂದಿದ್ದೂ ಐತಿ," ಅಂದಳು.

ಅವರಿಗೆ ಬೇರೆ ದಾರಿ ಇರಲಿಲ್ಲ. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆಗೆ ಕೊಡುವ ದಾರಿ ನಮಗಿದೆ. ಅದೂ ನಮ್ಮ ಊರುಗಳಲ್ಲೇ ಅದರ ಗುರುತಿದೆ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದರು. ಎರಡು ವರ್ಷಕ್ಕೆ ಪ್ಲೇಗ್ ಹಡಗು ಹತ್ತಿ ಮುಂಬೈಗೆ ಬಂತು. ಒಡೆಸಾದಲ್ಲಿ ಹುಟ್ಟಿ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ವಿಜ್ಞಾನಿ ಹಾಫ್‌ಕಿನ್ ಮುಂಬೈಯಲ್ಲಿ ಕೂತು ಲಸಿಕೆ ಮಾಡಿದರು. 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ರೈಲು ಮತ್ತು ಗಿರಣಿಯ ಊರಾದ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ, 1898ರಲ್ಲಿ, ಊರಿನ ಬಹುಪಾಲು ಜನರಿಗೆ ಆ ಲಸಿಕೆ ಹಾಕಿದರು. ಮೂವತ್ತು ಸಾವಿರಕ್ಕೂ ಜಾಸ್ತಿ ಜನ. ಧಾರವಾಡ, ಗದಗದಲ್ಲೂ ಹಾಕಿದರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗ್ ಲಸಿಕೆ ಹಾಕಿದ ಮೊದಲ ಊರುಗಳಲ್ಲಿ ನಮ್ಮ ಹುಬ್ಬಳ್ಳಿ ಒಂದು. ಅಲ್ಲಿನ ಲೆಕ್ಕ ನೋಡಿ ಬೇರೆ ಕಡೆಯವರು ಲಸಿಕೆಯನ್ನು ನಂಬಿದರು. ದುರ್ಗದ ಬೈಲಿನಲ್ಲಿ ಚುರುಮುರಿ ತಿನ್ನುತ್ತ ಎಷ್ಟು ಸಲ ನಿಂತಿದ್ದೇನೋ, ಶಾಲೆಯಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗಲೂ ಹೀಗೇ. ಪುಣೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ 1952ರಲ್ಲಿ ಶುರು ಮಾಡಿದ್ದ ವೈರಸ್ ಸಂಶೋಧನಾ ಕೇಂದ್ರ ಇತ್ತು. ಮೊದಲು ಹಳದಿ ಜ್ವರ ಏಷ್ಯಾಕ್ಕೆ ಬಂತೇನೋ ಅಂತ ಹೆದರಿದರು. ಬಂದು ನೋಡಿದರೆ, ರಷ್ಯಾದ ಕಾಡಿನ ಉಣ್ಣಿ ಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್. ಅದೇ ಕೇಂದ್ರ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಅದನ್ನು ಖಚಿತಪಡಿಸಿದ್ದು ಇವರೇ. ನಿಪಾ ಅನ್ನುವುದು ಮಲೇಷ್ಯಾದ ಒಂದು ಹಳ್ಳಿಯ ಹೆಸರು. ಅದಕ್ಕೆ ಪ್ರತಿಕಾಯದ ಔಷಧಿ ಬಂದದ್ದು ಆಸ್ಟ್ರೇಲಿಯಾದಿಂದ.

ಕೊಡುವುದು, ಪಡೆಯುವುದು ಎರಡೂ ಇರಬೇಕು. ನಾನಿರುವ ಕಡೆಯಿಂದ ದೋಣಿಯಲ್ಲಿ ಒಂದು ಗಂಟೆ ಹೋದರೆ ಇಂಡೋನೇಷ್ಯಾದ ಬಾತಮ್ ದ್ವೀಪ. 2005ರಿಂದ ಆ ದೇಶದಲ್ಲಿ ಹಕ್ಕಿಜ್ವರದಿಂದ ಜನ ಸಾಯುತ್ತಿದ್ದರು. ಅವರು ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಲ್ಯಾಬ್‌ಗಳಿಗೆ ಕೊಡುತ್ತಿದ್ದರು. ಆ ಮಾದರಿಯಿಂದಲೇ ಆಸ್ಟ್ರೇಲಿಯಾದ ಒಂದು ಕಂಪನಿ ಲಸಿಕೆ ಮಾಡುತ್ತಿದೆ, ಅದನ್ನು ತಾವೇ ದುಡ್ಡು ಕೊಟ್ಟು ಕೊಳ್ಳಬೇಕು, ಕೊಳ್ಳಲು ಆಗುವುದೂ ಇಲ್ಲ ಅಂತ ಅವರಿಗೆ ಗೊತ್ತಾಯಿತು. 2007ರ ಹೊತ್ತಿಗೆ ಮಾದರಿ ಕೊಡುವುದನ್ನೇ ನಿಲ್ಲಿಸಿದರು. ಜಗತ್ತೆಲ್ಲ ಅವರನ್ನು ಬೈಯಿತು. ನಾನು ಬೈಯುವುದಿಲ್ಲ. ಬೀಜ ನಮ್ಮ ಹೊಲದ್ದು, ಬೆಳೆ ಸಾಹುಕಾರನ ಕಣದ್ದು ಅಂದರೆ ಬ್ಯಾಡಗಿಯ ರೈತನೂ ಸುಮ್ಮನಿರುವುದಿಲ್ಲ. ಹಾಗೆ ಹಟ ಹಿಡಿದದ್ದರಿಂದಲೇ 2011ರಲ್ಲಿ ಒಂದು ವ್ಯವಸ್ಥೆ ಬಂತು. ಫ್ಲೂ ವೈರಸ್ ಮಾದರಿ ಪಡೆಯುವ ಕಂಪನಿಗಳು ದುಡ್ಡು ಕೊಡಬೇಕು, ಮಹಾಮಾರಿ ಬಂದರೆ ಲಸಿಕೆಯಲ್ಲಿ ಒಂದು ಪಾಲು ಎತ್ತಿಡಬೇಕು.

ಅದು ಫ್ಲೂಗೆ ಮಾತ್ರ. ಬೇರೆ ರೋಗಗಳಿಗೂ ಅಂಥದ್ದು ಬೇಕು ಅಂತ ಮೂರು ವರ್ಷ ಚರ್ಚೆ ಮಾಡಿ, 2025ರ ಮೇ 20ರಂದು ಜಿನೀವಾದಲ್ಲಿ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದರು. ಹಿಂದಿನ ದಿನ ಸಮಿತಿಯಲ್ಲಿ ನಡೆದ ಮತದಾನದಲ್ಲಿ 124 ದೇಶಗಳು ಪರ. ವಿರೋಧ ಒಂದೂ ಇಲ್ಲ. 11 ದೇಶಗಳು ತಟಸ್ಥ. ಅಮೆರಿಕ ಆ ವರ್ಷದ ಜನವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಬಿಡುವುದಾಗಿ ಹೇಳಿತ್ತು. ಒಪ್ಪಂದದ ಪ್ರಕಾರ ಮಹಾಮಾರಿ ಬಂದಾಗ ಕಂಪನಿಗಳು ತಮ್ಮ ಉತ್ಪಾದನೆಯಲ್ಲಿ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸಿಗುವಂತೆ ಮಾಡಬೇಕು, ಅದರಲ್ಲಿ ಶೇ 10ರಷ್ಟಾದರೂ ಪುಕ್ಕಟೆ ಕೊಡಬೇಕು ಎಂಬ ಗುರಿ ಇದೆ. ಆದರೆ ಮಾದರಿ ಹೇಗೆ ಕೊಡಬೇಕು, ಪಾಲು ಹೇಗೆ ಹಂಚಬೇಕು ಎಂಬ ಭಾಗವನ್ನು ಅಂದು ಬರೆಯಲಿಲ್ಲ, ಮುಂದಕ್ಕೆ ಹಾಕಿದರು. ಇಡೀ ಒಪ್ಪಂದದ ಜೀವ ಇರುವುದೇ ಅಲ್ಲಿ. ಆ ಭಾಗ ಗಟ್ಟಿಯಾಗದೆ ಉಳಿದದ್ದೆಲ್ಲ ಒಳ್ಳೆಯ ಮಾತು ಅಷ್ಟೇ. ಭಾರತ ಇಲ್ಲಿ ಎರಡೂ ಕಡೆ ನಿಂತ ದೇಶ. ನಮ್ಮಲ್ಲಿ ರೋಗವೂ ಬರುತ್ತದೆ, ನಾವು ಲಸಿಕೆಯನ್ನೂ ಮಾಡುತ್ತೇವೆ. 2021ರ ಆರಂಭದಲ್ಲಿ ಹೊರದೇಶಗಳಿಗೆ ಲಸಿಕೆ ಕಳಿಸಿದೆವು. ನಮ್ಮಲ್ಲೇ ಹೆಣ ಬೀಳತೊಡಗಿದಾಗ ನಿಲ್ಲಿಸಿದೆವು. ನಮ್ಮನ್ನು ನಂಬಿ ಕೂತಿದ್ದ ಆಫ್ರಿಕಾದ ದೇಶಗಳಿಗೆ ತಿಂಗಳುಗಟ್ಟಲೆ ಲಸಿಕೆ ಸಿಗಲಿಲ್ಲ. ಎರಡೂ ಕಡೆಯ ನೋವು ಗೊತ್ತಿರುವ ನಾವೇ ಆ ಭಾಗಕ್ಕಾಗಿ ಜೋರಾಗಿ ದನಿ ಎತ್ತಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸಿಂಗಪುರವನ್ನು ಹೊಗಳಿ ಮುಗಿಸಲೂ ನನಗೆ ಮನಸ್ಸಿಲ್ಲ. 2020ರಲ್ಲಿ ಇಲ್ಲಿ ಸಿಕ್ಕ ಕೋವಿಡ್ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತು ಕೂಲಿ ಕಾರ್ಮಿಕರ ವಸತಿಗಳಲ್ಲಿ ಸಿಕ್ಕವು. ಒಂದು ಕೋಣೆಯಲ್ಲಿ ಹತ್ತು-ಹದಿನೈದು ಜನ. ಬಾಂಗ್ಲಾದೇಶದವರು, ತಮಿಳರು, ತೆಲುಗರು. ಜ್ವರ ಅಂದರೆ ದಿನದ ಕೂಲಿ ಹೋಗುತ್ತದೆ, ಕೆಲಸ ಹೋದರೂ ಹೋದೀತು. ಹಾಗಾಗಿ ಅವರು ಹೇಳಲಿಲ್ಲ. ಲಿಫ್ಟಿನ ಪಕ್ಕ ಬ್ಯಾನರ್ ಕಟ್ಟುವಷ್ಟು ಅಚ್ಚುಕಟ್ಟಾದ ಊರಿಗೂ ಅವರ ಕೋಣೆಯೊಳಗಿನ ಕೆಮ್ಮು ತಡವಾಗಿ ಕೇಳಿಸಿತು. ನಮ್ಮ ಮಾಮಾನ ಹೊಟ್ಟಿನ ಕೋಣೆ ಇಲ್ಲಿಯೂ ಇತ್ತು.

ಈ ಸಲ ಊರಿಗೆ ಹೋದಾಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಂದಿದ್ದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಿದ್ದರು. ಜಿನೀವಾದ 24 ಗಂಟೆಯ ಗಡಿಯಾರ ಶುರುವಾಗಬೇಕಾದರೆ ಮೊದಲು ಇವರು ಯಾರದೋ ಬಾಗಿಲು ಬಡಿಯಬೇಕು. ಆಕೆ ಮೊಬೈಲ್ ಟಾರ್ಚ್ ಹಚ್ಚಿ ಅವ್ವನ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದರು. ಕೊಂಕಿದ ದಾರದ ತುಣುಕಿನಂಥ ಮೂರ್ನಾಲ್ಕು ಹುಳ ಮೇಲೆ ಕೆಳಗೆ ಆಡುತ್ತಿದ್ದವು. ಬೈಯಲಿಲ್ಲ. "ಅಮ್ಮಾರ, ಈ ನೀರು ಗಿಡಕ್ಕ ಹಾಕ್ರಿ. ತೊಳದು ಒಣಗಿಸಿ, ನಳ ಬಂದ ಮ್ಯಾಲೆ ತುಂಬಿ ಅರಿವಿ ಕಟ್ರಿ," ಅಂದರು. ನಾನು ಬ್ಯಾರಲ್ ಉರುಳಿಸಿದೆ. ಅವ್ವ ಕುಡಿಯುವ ನೀರಿಗೆ ಎರಡು ಕೊಡ ಸೋಸಿ ತೆಗೆದಿಟ್ಟುಕೊಂಡಳು.

ಆಕೆ ಪುಸ್ತಕದಲ್ಲಿ ಬರೆದು ಹೊರಡುವಾಗ ಅವ್ವ ಸ್ವಲ್ಪ ತಡೆದು, ಮೆಲ್ಲಗೆ ಕೇಳಿದಳು. "ಹಿಂದಿನ ಓಣ್ಯಾಗ ಒಂದು ಹುಡುಗಿ ಜ್ವರ ಬಂದು ಮನಿಗೆ ಬಂದೈತಿ. ಅದರ ತಮ್ಮಗೂ ಮೂರು ದಿನದಿಂದ ಮೈ ಕಾದೈತಿ. ಹೆಸರು ಹೊರಗ ಬರಂಗಿಲ್ಲ ಹೌದಿಲ್ಲೋ?"

"ಬರಂಗಿಲ್ರೀ ಅಮ್ಮಾರ. ರಕ್ತ ತಪಾಸಣಿಗೆ ನಾನ ಕರ್ಕೊಂಡು ಹೊಕ್ಕೀನಿ. ರೊಕ್ಕ ಹತ್ತಂಗಿಲ್ಲ."

ಅವ್ವ ಸೆರಗು ಹೊದ್ದುಕೊಂಡು ಚಪ್ಪಲಿ ಮೆಟ್ಟಿದಳು. "ನಡ್ರಿ, ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನ ನೋಡಿದ್ರ ಅವರು ಬಾಗಲಾ ತೆಗೆಯಂಗಿಲ್ಲ." ಇಬ್ಬರೂ ಹಿಂದಿನ ಓಣಿಯ ಕಡೆ ಹೋದರು. ಒಲೆ ಮೇಲಿಟ್ಟಿದ್ದ ಚಹಾವನ್ನು ನಾನು ಇಳಿಸಿದೆ.